ಕುರಿ ಬುರುಡೆಗೆ ಕೆಳದವಡೆ ಕೂಡುತ್ತಿಲ್ಲ, ಬೇರೆ ಕುರಿಯದ್ದೇನು?

ವಿಜ್ಞಾನ ಮೇಷ್ಟ್ರು, ಕುಷ್ಟಗಿ:
ಎಂಟನೇ ತರಗತಿಗೆ ತೋರಿಸಲು ಮಾಂಸದಂಗಡಿಯಿಂದ ತಂದ ಕುರಿ ತಲೆ ಕುದಿಸಿ ಸ್ವಚ್ಛ ಮಾಡಿದ್ದೇವೆ. ಎಡಗಡೆ ದವಡೆಹಲ್ಲು ಕೂಡಿಸಿದರೆ ಬಲಗಡೆಯವು ಒಳಕ್ಕೆ ಸರಿದು ಮೇಲಿನ ಹಲ್ಲಿಗೆ ತಾಗುವುದೇ ಇಲ್ಲ. ಕೆಳದವಡೆ ಮುಂದುಗಡೆ ಎರಡು ಹೋಳಾಗಿದೆ. ಬೇರೆ ಕುರಿಯ ದವಡೆ ಬಂತೇನೋ ಅಂತ ಅನುಮಾನ. ಬಿಸಿಲಿಗಿಟ್ಟ ಮೇಲೆ ಹಲ್ಲು ಉದ್ದುದ್ದ ಸೀಳಿವೆ, ಹಣೆ ಮೂಳೆ ಹಳದಿಗಟ್ಟಿ ಜಿಡ್ಡಾಗಿದೆ. ಮುಂದಿನ ಎಂಟು ಹಲ್ಲು ಉದುರಿವೆ: ನಾಲ್ಕು ಅಗಲ, ನಾಲ್ಕು ಸಣ್ಣ. ತಂತಿ ಬಿಗಿದು ದವಡೆ ಕೂಡಿಸಬಹುದೇ?

ಪಶುವೈದ್ಯ, ಸಿಂಧನೂರು:
ದವಡೆ ಅದರದ್ದೇ ಇರಬೇಕು ಸರ್. ಕುರಿಯ ಕೆಳದವಡೆ ಮೇಲಿನದಕ್ಕಿಂತ ಕಿರಿದಾಗಿಯೇ ಇರುತ್ತದೆ. ಎರಡೂ ಕಡೆ ಒಮ್ಮೆಗೇ ಅಗಿಯುವ ಪ್ರಾಣಿಯಲ್ಲ ಅದು. ಒಂದು ಮಗ್ಗುಲಿಗೆ ದವಡೆ ಹೊರಗೆ ಸರಿಸಿ, ಮೇಲೆತ್ತಿ ಒಳಕ್ಕೆ ಎಳೆಯುತ್ತದೆ. ಆ ಎಳೆತದಲ್ಲೇ ಮೇವು ಅರೆಯುವುದು. ಖಾತ್ರಿಗೆ ದವಡೆಯ ಹಿಂದಿನ ಎರಡೂ ಗುಬುಟುಗಳನ್ನು ಬುರುಡೆಯ ಕೀಲಿಗೆ ಕೂರಿಸಿ, ಒಂದೊಂದೇ ಮಗ್ಗುಲು ಕೂಡಿಸಿ ನೋಡ್ರಿ. ಮೇಲಿನ ಹಲ್ಲಿನ ಸವೆತದ ಏರುತಗ್ಗು ಕೆಳಗಿನದಕ್ಕೆ ಹೊಂದಿದರೆ ಒಂದೇ ಕುರಿ. ಮುಂದುಗಡೆ ಎರಡು ಹೋಳಾಗಿದ್ದೂ ಸಹಜ. ಆ ಬೆಸುಗೆ ಮೂಳೆಯದ್ದಲ್ಲ, ಕುದಿಸಿದರೆ ಬಿಡುತ್ತದೆ.

ದವಡೆಹಲ್ಲಿನ ಮೇಲ್ಮೈ ಬೆರಳಿನಿಂದ ಸವರಿ ನೋಡಿ. ಅರ್ಧಚಂದ್ರದ ಏಣುಗಳು ಹಿಂದೆ ಮುಂದೆ ಉದ್ದಕ್ಕೆ ಹೋಗಿವೆ. ಎನಾಮೆಲ್ ಗಟ್ಟಿ, ಒಳಗಿನ ಡೆಂಟೈನ್ ಮೆತ್ತಗೆ. ಮೆತ್ತಗಿನದು ಬೇಗ ಸವೆದು ತಗ್ಗಾಗುತ್ತದೆ, ಎನಾಮೆಲ್ ಏಣಾಗಿ ನಿಲ್ಲುತ್ತದೆ. ಹೀಗಾಗಿ ಸವೆದಷ್ಟೂ ಹರಿತ ಉಳಿಯುತ್ತದೆ. ಏಣು ಉದ್ದಕ್ಕೆ, ಎಳೆತ ಅಡ್ಡಕ್ಕೆ, ಅದಕ್ಕೇ ನಾರು ತುಂಡಾಗುತ್ತದೆ.

ಮೇಲ್ದವಡೆಯ ಮುಂದುಗಡೆ ಹಲ್ಲಿಲ್ಲ ಅಂತ ಮಕ್ಕಳು ಕೇಳಿಯೇ ಕೇಳುತ್ತಾರೆ. ಅಲ್ಲಿರುವುದು ಗಟ್ಟಿ ಒಸಡಿನ ದಿಂಡು. ಒಟ್ಟು ಹಲ್ಲು 32: ಕೆಳಗೆ ಮುಂದೆ 8, ದವಡೆಯಲ್ಲಿ ಮೇಲೆ 12, ಕೆಳಗೆ 12. ನಾಲ್ಕು ಅಗಲ, ನಾಲ್ಕು ಸಣ್ಣ ಅಂದರೆ ಇದು ‘ನಾಲ್ಕು ಹಲ್ಲಿನ’ ಕುರಿ, ಸುಮಾರು 2 ವರ್ಷ. ಅಗಲವಾದವು ಬದಲಾಗಿ ಬಂದ ಶಾಶ್ವತ ಹಲ್ಲು, ಸಣ್ಣವು ಹಾಲುಹಲ್ಲು. ಕೆಳದವಡೆಯಲ್ಲಿ ಮುಂದಿನಿಂದ ಮೂರನೇ ದವಡೆಹಲ್ಲಿಗೆ ಮೂರು ಉಬ್ಬಿದ್ದರೆ ಅದಿನ್ನೂ ಹಾಲುಹಲ್ಲು, ಎರಡಿದ್ದರೆ ಬದಲಾಗಿದೆ.

ಮೂಳೆ ಕೆಲಸ, ಬಳ್ಳಾರಿ:
ಹಲ್ಲು ಸೀಳಿದ್ದು ಒಣಗಿಸಿದ ರೀತಿಯಿಂದ. ಡೆಂಟೈನ್ ನೀರು ಬಿಟ್ಟು ಕುಗ್ಗುತ್ತದೆ, ಎನಾಮೆಲ್ ಅಷ್ಟು ಕುಗ್ಗುವುದಿಲ್ಲ. ನಮ್ಮ ಕಡೆ ಏಪ್ರಿಲ್ ಬಿಸಿಲಲ್ಲಿ ಇದು ಒಂದೇ ಮಧ್ಯಾಹ್ನದ ಕೆಲಸ. ನೆರಳಲ್ಲಿ, ಬಟ್ಟೆ ಮುಚ್ಚಿ, ನಿಧಾನ ಒಣಗಿಸಬೇಕು. ಸೀಳಿಗೆ ಫೆವಿಕಾಲ್ ನೀರಲ್ಲಿ ತೆಳುಮಾಡಿ ಸಣ್ಣ ಕುಂಚದಿಂದ ಇಳಿಸಿರಿ.

ಹಳದಿ ಆಗಿದ್ದು ಕೊಬ್ಬು. ಜೋರಾಗಿ ಕುದಿಸಿದರೆ ಮಜ್ಜೆಯ ಕೊಬ್ಬು ಕರಗಿ ಮೂಳೆಯೊಳಗೇ ಇಳಿಯುತ್ತದೆ. ಇನ್ನು ಮುಂದೆ ಕುದಿಸಬೇಡಿ. ಮುಚ್ಚಿದ ಬಕೆಟ್‌ನಲ್ಲಿ ನೀರಲ್ಲೇ ಕೊಳೆಸಿರಿ, ವಾಸನೆ ಬರುತ್ತದೆ, ಊರ ಹೊರಗಿಡಿ. ನೀರು ಚೆಲ್ಲುವಾಗ ಜರಡಿ ಹಿಡಿಯಿರಿ, ಹಲ್ಲು ಹೋಗಿಬಿಡುತ್ತವೆ. ಈಗಿನ ಬುರುಡೆಗೆ ಪಾತ್ರೆ ತೊಳೆಯುವ ದ್ರವ ಹಾಕಿದ ಉಗುರುಬೆಚ್ಚಗಿನ ನೀರು, ವಾರಕ್ಕೊಮ್ಮೆ ಬದಲಿಸಿ, ನೀರಿನ ಮೇಲೆ ಜಿಡ್ಡು ತೇಲುವುದು ನಿಲ್ಲುವವರೆಗೆ. ತಿಂಗಳೂ ಹಿಡಿಯಬಹುದು. ಆಮೇಲೆ ಹೈಡ್ರೋಜನ್ ಪೆರಾಕ್ಸೈಡ್: ಶೀಸೆ 6% ಇದ್ದರೆ ಅಷ್ಟೇ ನೀರು ಬೆರೆಸಿ 3% ಮಾಡಿ ಒಂದು ದಿನ. ಕೈಗವಸು ಹಾಕಿ, ಮುಚ್ಚಳ ಬಿಗಿಯಬೇಡಿ, ಗಾಳಿ ತುಂಬಿ ಸಿಡಿಯುತ್ತದೆ. ಕೊಬ್ಬು ತೆಗೆಯದೆ ಪೆರಾಕ್ಸೈಡ್ ಹಾಕಿದರೆ ಹಳದಿ ಮತ್ತೆ ಬರುತ್ತದೆ. ಬ್ಲೀಚಿಂಗ್ ಪುಡಿ ಮಾತ್ರ ಬೇಡವೇ ಬೇಡ, ಮೂಳೆ ಪುಡಿಪುಡಿಯಾಗುತ್ತದೆ.

ತಂತಿ ಬಿಗಿದರೆ ತೋರಿಸಬೇಕಾದ ಅಡ್ಡ ಚಲನೆಯೇ ಸತ್ತುಹೋಗುತ್ತದೆ. ಬದುಕಿದ್ದಾಗ ಕೀಲಿನ ನಡುವೆ ಮೆದುಮೂಳೆಯ ಬಿಲ್ಲೆ ಇತ್ತು. ಆ ಜಾಗಕ್ಕೆ ಸೈಕಲ್ ಟ್ಯೂಬಿನ ತುಂಡು ಇಟ್ಟು, ಎಲಾಸ್ಟಿಕ್ ದಾರದಿಂದ ಸಡಿಲ ಕಟ್ಟಿರಿ. ಮುಂದಿನ ಹೋಳುಗಳಿಗೆ ಫೆವಿಕಾಲ್ ಸಾಕು.

ವಿಜ್ಞಾನ ಮೇಷ್ಟ್ರು, ಕುಷ್ಟಗಿ:
ಹೋಲಿಕೆಗೆ ಮಾಂಸಾಹಾರಿ ಬುರುಡೆ ಬೇಕು. ಗುಡ್ಡದಲ್ಲಿ ಬಿದ್ದದ್ದು ತರಬಹುದೇ?

ಪಶುವೈದ್ಯ, ಸಿಂಧನೂರು:
ತರಬೇಡಿ. ತೋಳ, ಕರಡಿಯದ್ದಾದರೆ 1972ರ ವನ್ಯಜೀವಿ ಕಾಯ್ದೆಯಂತೆ ಅದು ಸರ್ಕಾರದ ಸ್ವತ್ತು, ಅರಣ್ಯ ಇಲಾಖೆಗೆ ತಿಳಿಸಿ. (ದರೋಜಿ ಕಡೆಯ ಕರಡಿಗೆ ಮೇಲ್ದವಡೆಯ ನಡುವಿನ ಎರಡು ಬಾಚಿಹಲ್ಲೇ ಇರುವುದಿಲ್ಲ, ಆ ಸಂದಿಯಿಂದ ಗೆದ್ದಲು ಹೀರುತ್ತದೆ.) ಇದ್ದಕ್ಕಿದ್ದಂತೆ ಸತ್ತು ಮೂಗು ಬಾಯಲ್ಲಿ ರಕ್ತ ಬಂದ ದನಕುರಿಯ ಹತ್ತಿರವೂ ಹೋಗಬೇಡಿ. ನೆರಡಿ ರೋಗ, ಅಂದರೆ ಅಂಥ್ರಾಕ್ಸ್ ಇರಬಹುದು.

ನಾಯಿ ಬುರುಡೆಯ ಅಚ್ಚು ಅಥವಾ ಚಿತ್ರ ಸಾಕು. ಅದರ ಕೀಲು ಹಲ್ಲಿನ ಸಾಲಿನ ಮಟ್ಟಕ್ಕೇ ಇದೆ, ಹಿಂದಿನಿಂದ ಮುಂದಕ್ಕೆ ಕತ್ತರಿಯ ಹಾಗೆ ಮುಚ್ಚುತ್ತದೆ. ಕುರಿಯದ್ದು ಸಾಲಿಗಿಂತ ಬಹಳ ಮೇಲೆ, ಹಾಗಾಗಿ ಒಂದು ಮಗ್ಗುಲಿನ ಹಲ್ಲೆಲ್ಲ ಒಟ್ಟಿಗೆ ಕೂಡುತ್ತವೆ. ಕುರಿ ಕೀಲು ಚಪ್ಪಟೆ, ಆಚೀಚೆ ಜಾರುತ್ತದೆ. ನಾಯಿಯದ್ದು ಅಡ್ಡ ಉರುಳೆ, ತೋಡಿನಲ್ಲಿ ಕೂತು ಮೇಲೆ ಕೆಳಗೆ ಮಾತ್ರ ಆಡುತ್ತದೆ. ಒಣ ಜೋಳದ ಎಲೆಯೊಂದನ್ನು ಕುರಿಯ ದವಡೆಹಲ್ಲಿನ ನಡುವೆ ಇಟ್ಟು, ಕೆಳದವಡೆ ಒತ್ತಿ ಒಳಕ್ಕೆ ಎಳೆಯಿರಿ. ಎಲೆ ಮೇಲೆ ಏಣಿನ ಗೆರೆಗಳು ಬೀಳುತ್ತವೆ.