ಅಪ್‌ಡೇಟ್: ಕಾರ್ಬುರೇಟರ್ ಸೋರಿಕೆಯ ಕಳ್ಳ ಸಿಕ್ಕಿದ

ನಿಲ್ಲಿಸಿದ ಹಳೆಯ ಬೈಕಿನ ಕಾರ್ಬುರೇಟರಿನ (ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ) ಓವರ್‌ಫ್ಲೋ ಪೈಪಿನಿಂದ ರಾತ್ರಿಯಿಡೀ ಪೆಟ್ರೋಲ್ ತೊಟ್ಟಿಕ್ಕುತ್ತದೆ ಎಂದು ಕೇಳಿದ್ದೆನಲ್ಲ, ಕಾರಣ ಸಿಕ್ಕಿತು. ನೀವು ಹೇಳಿದಂತೆ ಮೊದಲು ಫ್ಲೋಟ್ ನೀಡಲ್, ಅಂದರೆ ಪೆಟ್ರೋಲ್ ಒಳಬರುವ ದಾರಿ ಮುಚ್ಚುವ ಸೂಜಿ, ಬಿಚ್ಚಿದೆ. ತುದಿಯ ಸುತ್ತ ಉಗುರಿಗೆ ತಾಗುವಷ್ಟು ಗೀರು. ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆಯಿಂದ ಹೊಸದು ತಂದು ಹಾಕಿದೆ. ಆದರೂ ಸೋರಿತು!

ಆಮೇಲೆ ಪೆಟ್ರೋಲಿನ ಮೇಲೆ ತೇಲುತ್ತಾ ಆ ನೀಡಲನ್ನು ಎತ್ತುವ ಟೊಳ್ಳಾದ ಹಿತ್ತಾಳೆಯ ಫ್ಲೋಟನ್ನು ಕಿವಿಯ ಬಳಿ ಅಲ್ಲಾಡಿಸಿದರೆ ಒಳಗೆ ಎಳನೀರಿನಂತೆ ಗುಳುಗುಳು. ಒಲೆಯಿಂದ ದೂರ, ಅಂಗಳದಲ್ಲಿ ಬಿಸಿನೀರಿಗೆ ಮುಳುಗಿಸಿದಾಗ ಬೆಸುಗೆಯ ಅಂಚಿನಿಂದ ಗುಳ್ಳೆಗಳ ಸಾಲು. ಪೆಟ್ರೋಲ್ ಕುಡಿದು ಭಾರವಾದದ್ದು ತೇಲುವುದು ಹೇಗೆ, ನೀಡಲನ್ನು ಮೇಲಕ್ಕೊತ್ತಿ ದಾರಿ ಮುಚ್ಚುವುದು ಹೇಗೆ? ಬೆಸುಗೆ ಹಾಕಿದರೆ ತೂಕ ಹೆಚ್ಚಿ ಮಟ್ಟ ತಪ್ಪೀತೆಂದು ಫ್ಲೋಟನ್ನೇ ಬದಲಿಸಿದೆ.

ನಾಲ್ಕು ದಿನವಾಯಿತು, ಒಂದು ಹನಿಯೂ ಇಲ್ಲ. ಶಹಾಬಾದ್ ಕಲ್ಲಿನ ಮೇಲಿನ ಹಳೆಯ ಕಲೆ ಮಾತ್ರ ಎಷ್ಟು ತಿಕ್ಕಿದರೂ ಹೋಗುತ್ತಿಲ್ಲ. ಮನೆಯಲ್ಲಿ ಅದರದೇ ಮಾತು.