ಪದ ಬೇಕು: ಎಐ ಮಾಡಿದ ಚಿತ್ರದ ಕೆಳಗೆ ಏನಂತ ಬರೆಯೋದು?

ಡೊಂಬಿವಲಿಯಿಂದ:

ಎಲ್ಲರಿಗೂ ನಮಸ್ಕಾರ. ತುರ್ತಾಗಿ ಒಂದು ಪದ ಬೇಕು. ನಾಳೆ ಸಂಜೆಯೊಳಗೆ ಫಲಕಗಳು ಪ್ರಿಂಟಿಗೆ ಹೋಗಬೇಕು.

ಮುಂಬಯಿಯ ಕನ್ನಡ ರಾತ್ರಿ ಶಾಲೆಗಳ ಬಗ್ಗೆ ನಮ್ಮ ಸಂಘದಲ್ಲಿ ಪ್ರದರ್ಶನ ಇಡುತ್ತಿದ್ದೇವೆ. ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಫೋರ್ಟ್ ಕಡೆಯ ಶಾಲೆಗಳಲ್ಲಿ ಕಲಿತವರ ಕಥೆ. ಹಳೆ ಫೋಟೊ ಸಿಕ್ಕಿದ್ದು ಕಡಿಮೆ. ಹಾಗಾಗಿ ನಮ್ಮ ಹುಡುಗರು ಎಐ ಕೈಲಿ ಕೆಲವು ಚಿತ್ರ ಮಾಡಿಸಿದ್ದಾರೆ. ಒಂದರಲ್ಲಿ ಲಾಟೀನಿನ ಬೆಳಕು, ಬೆಂಚಿನ ಮೇಲೆ ಹುಡುಗರು, ಹಿಂದೆ ಕರಿಹಲಗೆ. ಹಲಗೆಯ ಮೇಲಿನ ಬರಹ ದೂರದಿಂದ ಕನ್ನಡದ ಹಾಗೇ ಕಾಣುತ್ತದೆ. ಹತ್ತಿರ ಹೋದರೆ ಒಂದೂ ಅಕ್ಷರವಲ್ಲ. ಕೊಂಬು, ಒತ್ತು ಎಲ್ಲ ಸುಮ್ನೆ ಗೀಚಿದ್ದು. ಆದರೂ ಸಂಘದ ಹಿರಿಯರೊಬ್ಬರು ಅದನ್ನು ನೋಡಿ, "ನಮ್ಮಪ್ಪ ಓದಿದ ಶಾಲೆ ಅಲ್ವಾ ಇದು?" ಅಂದರು. ಅವರ ಕಣ್ಣು ಒದ್ದೆಯಾಗಿತ್ತು. ಅದಕ್ಕೇ ಈ ಅಡಿಬರಹ ಚೆನ್ನಾಗಿ ಆಗಬೇಕು.

ಮರಾಠಿ ಫಲಕಕ್ಕೆ 'ಕೃತ್ರಿಮ ಬುದ್ಧಿಮತ್ತಾ' ಅಂತ ಹಾಕಿದ್ದಾರೆ. ಕನ್ನಡದಲ್ಲೂ 'ಕೃತ್ರಿಮ ಚಿತ್ರ' ಅಂದರೆ ಸಾಕಾ?

ಪುಣೆಯಿಂದ:

ಕೃತ್ರಿಮ ಬೇಡವೇ ಬೇಡ, ತಾಯಿ. ಮರಾಠಿಯಲ್ಲಿ ಆ ಪದಕ್ಕೆ ಕಳಂಕವಿಲ್ಲ. ಕನ್ನಡದಲ್ಲಿ ಕೃತ್ರಿಮ ಅಂದರೆ ಕಪಟ. 'ಅವನದು ಕೃತ್ರಿಮ ಬುದ್ಧಿ' ಅಂದ ಮೇಲೆ ಆ ಮನುಷ್ಯನ ಜೊತೆ ಯಾರು ವ್ಯವಹಾರ ಮಾಡುತ್ತಾರೆ? 'ಕೃತಕ' ಆಗಬಹುದು. ಹಳಗನ್ನಡ ಕಾವ್ಯದ ಉದ್ಯಾನಗಳಲ್ಲಿ ಕೃತಕಾದ್ರಿ ಇದೆ. ಅದು ಕೈಯಿಂದ ಕಟ್ಟಿದ ಗುಡ್ಡ, ಮೋಸದ ಗುಡ್ಡವಲ್ಲ. ಧಾತು ಒಂದೇ, ನಡೆದ ದಾರಿ ಬೇರೆ.

ಇನ್ನು 'ಎಐ ರಚಿತ' ಅಂತ ಎಲ್ಲೆಲ್ಲೂ ಕಾಣುತ್ತಿದೆ. ಶುದ್ಧ ಅರಿಸಮಾಸ, ಅಂದರೆ ಎರಡು ಭಾಷೆಯ ಪದ ಕೂಡಿಸಿದ ದೋಷದ ಸಮಾಸ. ಸಂಸ್ಕೃತಕ್ಕೆ ಕನ್ನಡ ಬೆರೆಸುವುದನ್ನೇ ಹಳಗನ್ನಡದ ವ್ಯಾಕರಣಕಾರ ಕೇಶಿರಾಜ ಒಪ್ಪಲಿಲ್ಲ. ಇಲ್ಲಿ ಇಂಗ್ಲಿಷಿನ ಎರಡಕ್ಷರಕ್ಕೆ ಸಂಸ್ಕೃತದ ಕೃದಂತ ಅಂಟಿಸಿದ್ದಾರೆ. 'ಕೃತಕ ಬುದ್ಧಿಮತ್ತೆಯಿಂದ ರಚಿಸಿದ ಚಿತ್ರ' ಎಂದು ಪೂರ್ತಿ ಬರೆಯಿರಿ.

ಕಲ್ಯಾಣದಿಂದ:

ನಾಲ್ಕು ಪದ, ಒಂದೂ ಕನ್ನಡದ್ದಲ್ಲ. ಪ್ರತ್ಯಯ ಮಾತ್ರ ನಮ್ಮದು. 'ಮಾಡುಜಾಣ್ಮೆಯ ತಿಟ್ಟ' ಅನ್ನಿ. ಚಿತ್ರಕ್ಕೆ ತಿಟ್ಟ ಅಂತ ಮಿಂಬಲೆಯಲ್ಲಿ, ಅಂದರೆ ಇಂಟರ್ನೆಟ್ಟಿನಲ್ಲಿ, ಆಗಲೇ ಬರೆಯುತ್ತಿದ್ದಾರೆ. ಬಳಸದೇ ಇದ್ದರೆ ಪದ ಬೆಳೆಯೋದು ಹೇಗೆ?

ಪುಣೆಯಿಂದ:

ಜಾಣ ತದ್ಭವ. ಕಿಟೆಲ್ ನಿಘಂಟು ತೆಗೆದು ನೋಡಿ. ತಿಟ್ಟು ಅಂದರೆ ಮುಂಬಯಿಯಲ್ಲಿ ನೆನಪಾಗುವುದು ಬಡಗುತಿಟ್ಟು, ತೆಂಕುತಿಟ್ಟು. ಆಯಮ್ಮ ಫಲಕಕ್ಕೆ ಕೇಳಿದ್ದು, ಯಕ್ಷಗಾನದ ಕರಪತ್ರಕ್ಕಲ್ಲ.

ವಾಸ್ಕೋದಿಂದ:

ಅಕ್ಕ, ನನ್ನದು ಸುದ್ದಿ ಅನುವಾದದ ಕೆಲಸ. ಈ ಅಡಿಬರಹದ ಗೋಳು ದಿನಾ ಇದ್ದದ್ದೇ. 'ಸಾಂದರ್ಭಿಕ ಚಿತ್ರ' ಅಂತ ಹಾಕಿಬಿಡಿ ಅಂತ ಯಾರಾದರೂ ಹೇಳಬಹುದು. ದಯವಿಟ್ಟು ಒಪ್ಪಬೇಡಿ. ಪತ್ರಿಕೆ ಓದುವವರಿಗೆ ಅದರ ಅರ್ಥ ಗೊತ್ತು. ಚಿತ್ರ ಈ ಘಟನೆಯದಲ್ಲ, ಆದರೆ ಎಲ್ಲೋ ಯಾವಾಗಲೋ ಕ್ಯಾಮೆರಾ ಮುಂದೆ ನಡೆದದ್ದು. ನಿಮ್ಮ ಲಾಟೀನಿನ ಶಾಲೆ ಎಲ್ಲೂ ನಡೆದಿಲ್ಲ.

ಸರ್ಕಾರದ ಪದಕ್ಕೂ ಕಾಯಬೇಡಿ. 2026ರ ಫೆಬ್ರವರಿ 20ರಿಂದ ಜಾರಿಗೆ ಬಂದ ಐಟಿ ನಿಯಮಗಳ ತಿದ್ದುಪಡಿ ಜಾಲತಾಣಗಳಿಗೆ ಸಂಬಂಧಿಸಿದ್ದು. ಅಲ್ಲಿ ಬಳಸಿರುವ ಮಾತನ್ನು ಕನ್ನಡಕ್ಕೆ ತಂದರೆ 'ಸಂಶ್ಲೇಷಿತ ಮಾಹಿತಿ' ಅಂತಾಗುತ್ತದೆ. ಅದನ್ನು ಓದಿದವರಿಗೆ ಶಾಲೆಯ ದ್ಯುತಿಸಂಶ್ಲೇಷಣೆ ನೆನಪಾಗುತ್ತದೆ ಅಷ್ಟೇ.

ಒಂದು ವಿಷಯ ಕೇಳಬೇಕಿತ್ತು. ಹರಿದ ಹಳೆ ಫೋಟೊಗಳನ್ನೂ ಎಐನಿಂದ ಸರಿಮಾಡಿಸಿದ್ದೀರಾ? ಹಾಗಿದ್ದರೆ ಒಂದೇ ಅಡಿಬರಹ ಎರಡಕ್ಕೂ ಹೊಂದುವುದಿಲ್ಲ. 2024ರಲ್ಲಿ ಮೆಟಾ ಇದರಲ್ಲೇ ಸಿಕ್ಕಿಕೊಂಡಿತ್ತು. ಸ್ವಲ್ಪ ತಿದ್ದಿದ ನಿಜವಾದ ಫೋಟೊಗಳ ಮೇಲೂ 'ಮೇಡ್ ವಿತ್ ಎಐ' ಅಂತ ಬೀಳುತ್ತಿತ್ತು. ಫೋಟೊಗ್ರಾಫರುಗಳು ಜಗಳಕ್ಕೆ ಬಂದ ಮೇಲೆ ಅದನ್ನು 'ಎಐ ಇನ್ಫೋ' ಅಂತ ಬದಲಾಯಿಸಿದರು. ಫೋಟೊಗ್ರಾಫರಿಗೆ ನ್ಯಾಯ ಸಿಕ್ಕಿತು. ಆದರೆ ನೋಡುವವರಿಗೆ 'ಮಾಹಿತಿ' ಅನ್ನುವ ಪದದಿಂದ ಏನು ತಿಳಿಯಿತು?

ಗುರುಗಳೇ, ಅರಿಸಮಾಸದ ಮಾತು ಬಿಡಿ. ಬಿರುದಾವಳಿಗೆ ಕೇಶಿರಾಜನೇ ವಿನಾಯಿತಿ ಕೊಟ್ಟಿದ್ದಾನೆ. ಪೊಲೀಸ್ ಠಾಣೆ, ಬಸ್ ನಿಲ್ದಾಣ ಎಲ್ಲ ನಡೆಯುತ್ತಿಲ್ಲವೇ?

ಪುಣೆಯಿಂದ:

ನಡೆಯುತ್ತಿವೆ ಅಂದ ಮಾತ್ರಕ್ಕೆ ಸರಿಯಲ್ಲ.

ಕಲ್ಯಾಣದಿಂದ:

ಎಐ ಅನ್ನೋದನ್ನು ಹಾಗೇ ಇಟ್ಟುಕೊಳ್ಳೋಣ ಅನ್ನುವವರಿಗೆ ಒಂದು ಮಾತು. ಮರಾಠಿಗರು ಮೇಯರನ್ನು ಮಹಾಪೌರ ಮಾಡಿದರು. ಮೊದಲು ನಕ್ಕವರೂ ಈಗ ಹಾಗೇ ಅನ್ನುತ್ತಾರೆ. ನಾವು ಹೊಸ ಪದ ಬಂದ ಕೂಡಲೇ ಬಾಗಿಲು ತೆರೆದು ನಿಲ್ಲುತ್ತೇವೆ. ಈ ಊರಿನಲ್ಲಿ ನಮ್ಮ ಮಕ್ಕಳಿಗೆ ಕನ್ನಡ ಉಳಿದಿರುವುದೇ ಅಡುಗೆಮನೆಯಲ್ಲಿ. ಫಲಕದಲ್ಲಾದರೂ ಕನ್ನಡ ಇರಲಿ ಅನ್ನುವುದು ತಪ್ಪಾ?

ಪುಣೆಯಿಂದ:

ಮಹಾಪೌರ ಸಂಸ್ಕೃತ. ನಿಮ್ಮ ವಾದಕ್ಕೆ ನೀವೇ ಎದುರು ನಿಂತಿದ್ದೀರಿ.

ಡೊಂಬಿವಲಿಯಿಂದ:

ಎಲ್ಲರಿಗೂ ಧನ್ಯವಾದ. ಕಲ್ಯಾಣದ ಅಣ್ಣಾ, ಮಕ್ಕಳ ಬಗ್ಗೆ ನೀವು ಹೇಳಿದ್ದು ನನಗೂ ನೋಯುತ್ತದೆ. ಆದರೆ ಈ ಫಲಕವನ್ನು ಮೊದಲು ಓದುವವರು ಎಪ್ಪತ್ತು ದಾಟಿದವರು. ಅವರು ಒಂದೇ ನೋಟಕ್ಕೆ ತಿಳಿದುಕೊಳ್ಳಬೇಕು. ಎಐ ಅನ್ನೋದು ಟೀವಿಯಿಂದ ಅವರಿಗೆ ಗೊತ್ತು. ಮಾಡುಜಾಣ್ಮೆ ಅಂದರೆ ನನ್ನನ್ನೇ ಕೂಗಿ ಕೇಳುತ್ತಾರೆ.

ಲಾಟೀನಿನ ಚಿತ್ರಕ್ಕೆ ಹೀಗೆ ಬರೆಯುತ್ತೇನೆ: 'ಎಐ ಮಾಡಿದ ಚಿತ್ರ. ಇದು ಫೋಟೊ ಅಲ್ಲ.'

ವಾಸ್ಕೋದ ತಮ್ಮ ಕೇಳಿದ್ದು ನಿಜ. ಹರಿದ ಗ್ರೂಪ್ ಫೋಟೊ ಒಂದಿದೆ. ಅಂಚಿನ ಹುಡುಗನ ಅರ್ಧ ಮುಖ ಕಿತ್ತುಹೋಗಿತ್ತು. ಈಗ ಅವನಿಗೆ ಇಡೀ ಮುಖ ಬಂದಿದೆ. ಕಿವಿ, ಕೆನ್ನೆ, ಒಂದು ಕಣ್ಣು ಯಾರದೋ. ಅದಕ್ಕೆ: 'ಹಳೆಯ ಫೋಟೊ. ಬಲಗಡೆಯ ಹುಡುಗನ ಅರ್ಧ ಮುಖ ಎಐ ತುಂಬಿಸಿದ್ದು.' ಪಕ್ಕದಲ್ಲೇ ಹರಿದ ಫೋಟೊವನ್ನೂ ಇದ್ದ ಹಾಗೇ ಹಾಕುತ್ತಿದ್ದೇನೆ.

ಪುಣೆಯಿಂದ:

'ಎಐ ಮಾಡಿದ ಚಿತ್ರ' ಸಮಾಸವೇ ಅಲ್ಲ. ಆಕ್ಷೇಪವಿಲ್ಲ. ಎರಡನೆಯದರಲ್ಲಿ 'ಎಐ' ಬಳಿಕ ಅಲ್ಪವಿರಾಮ ಹಾಕಬೇಡಿ.

ಕಲ್ಯಾಣದಿಂದ:

ಮಾಡಿದ, ತುಂಬಿಸಿದ್ದು ಅಂತ ಉಳಿಸಿದಿರಲ್ಲ, ಅಷ್ಟಕ್ಕೆ ಸಂತೋಷ. ಎಐ ಬಗ್ಗೆ ನನ್ನ ತಕರಾರು ಹಾಗೇ ಇದೆ.

ವಾಸ್ಕೋದಿಂದ:

ಅಕ್ಕ, ಪ್ರಿಂಟಿಗೆ ಕೊಡುವ ಮುಂಚೆ ಇದೊಂದು ನೋಡಿ. ಅಡಿಬರಹವನ್ನು ಚೌಕಟ್ಟಿನ ಕೆಳಗೆ ಬೇರೆ ಪಟ್ಟಿಯಲ್ಲಿ ಹಾಕಬೇಡಿ. ಜನ ಮೊಬೈಲಿನಲ್ಲಿ ಚಿತ್ರ ಮಾತ್ರ ಹೊಡೆದುಕೊಂಡು ವಾಟ್ಸಾಪಿಗೆ ಹಾಕುತ್ತಾರೆ. ಮೂಲ ಫೈಲಿನೊಳಗೆ ಎಐ ಗುರುತು ಇದ್ದರೂ ಅದು ಫಲಕದ ಫೋಟೊಗೆ ಬರುವುದಿಲ್ಲ. ಎರಡೇ ದಿನದಲ್ಲಿ 'ಫೋರ್ಟಿನ ಅಪರೂಪದ ಹಳೆ ಫೋಟೊ' ಅಂತ ನಿಮಗೇ ವಾಪಸ್ ಬರುತ್ತದೆ. ಬರಹ ಚಿತ್ರದ ಒಳಗೇ ಇರಲಿ, ಕರಿಹಲಗೆಯ ಹತ್ತಿರ, ದಪ್ಪ ಅಕ್ಷರದಲ್ಲಿ. ಮರಾಠಿಯದನ್ನೂ ಅಲ್ಲೇ ಹಾಕಿಸಿ.