ಒಂಬತ್ತು ವಾರದ ನಾಯಿಮರಿ ಮನೆಯೊಳಗೇ ಉಚ್ಚೆ ಮಾಡುತ್ತಿದೆ, ಏನು ಮಾಡಲಿ?

ಎರಡನೇ ಮಹಡಿ: ಮುಧೋಳ ತಳಿಯ ಬೇಟೆನಾಯಿ ಮರಿ ಮನೆಗೆ ಬಂದು ಆರು ದಿನ ಆಯಿತು. ರಾಜಾಜಿನಗರದಲ್ಲಿ ಬಾಡಿಗೆ ಮನೆ, ಲಿಫ್ಟ್ ಇಲ್ಲ. ಎತ್ತಿಕೊಂಡು ಕೆಳಗೆ ಓಡುವಷ್ಟರಲ್ಲಿ ಮೆಟ್ಟಿಲ ಮೇಲೇ ಆಗಿಹೋಗುತ್ತದೆ. ನಿನ್ನೆ ದೇವರ ಮನೆ ಬಾಗಿಲಲ್ಲೇ ಮಾಡಿತು, ಅತ್ತೆಗೆ ತುಂಬಾ ಬೇಜಾರಾಗಿದೆ. ಮೊದಲ ಲಸಿಕೆ ಆಗಿದೆ. ಊಟಕ್ಕೆ ಹಾಲು ಅನ್ನ. ದಯವಿಟ್ಟು ಯಾರಾದರೂ ದಾರಿ ಹೇಳಿ.

ತೋಟದಮನೆ: ಮಾಡಿದ ಜಾಗಕ್ಕೆ ಮೂತಿ ಒತ್ತಿ ಹಿಡಿದು, ಪೇಪರ್ ಸುರುಳಿಯಿಂದ ಒಂದು ಏಟು ಹಾಕಿ. ಮೂರು ದಿನದಲ್ಲಿ ಕಲಿಯುತ್ತದೆ. ನಮ್ಮ ತೋಟದಲ್ಲಿ ಇದುವರೆಗೆ ಹನ್ನೊಂದು ನಾಯಿ ಸಾಕಿದ್ದೇವೆ. ಯಜಮಾನ ಯಾರು ಅಂತ ಮೊದಲೇ ಗೊತ್ತಾಗಬೇಕು. ತೋಳದ ಗುಂಪಿನಲ್ಲೂ ಹಾಗೇ ಅಲ್ವಾ?

ನಾಯಿಪ್ರೀತಿ: ತೋಳದ ಮಾತು ಬೇಡ. ಆ ಯಜಮಾನಿಕೆಯ ಕಥೆಯನ್ನು ಜನರಿಗೆ ಮುಟ್ಟಿಸಿದ ವಿಜ್ಞಾನಿ ಡೇವಿಡ್ ಮೀಚ್ ಅವರೇ 1999ರಲ್ಲಿ ಅದನ್ನು ತಿದ್ದಿ ಬರೆದರು. ಕಾಡಿನ ತೋಳದ ಗುಂಪು ಅಂದರೆ ಅಪ್ಪ, ಅಮ್ಮ, ಮರಿಗಳು, ಅಷ್ಟೇ. ಹೊಡೆದರೆ ಮರಿ ನಿಮ್ಮ ಕಣ್ಣು ತಪ್ಪಿಸಿ ಸೋಫಾ ಹಿಂದೆ ಮಾಡಲು ಕಲಿಯುತ್ತದೆ. ನಿದ್ದೆಯಿಂದ ಎದ್ದ ಕೂಡಲೇ, ತಿಂದ ಸ್ವಲ್ಪ ಹೊತ್ತಿಗೆ, ಆಟ ಮುಗಿದ ಮೇಲೆ ಒಂದೇ ಜಾಗಕ್ಕೆ ಕರೆದುಕೊಂಡು ಹೋಗಿ. ಈ ವಯಸ್ಸಿನ ಮರಿ ಎರಡು ಮೂರು ಗಂಟೆಗಿಂತ ಜಾಸ್ತಿ ತಡೆದುಕೊಳ್ಳುವುದಿಲ್ಲ. ಬಾಲ್ಕನಿಯಲ್ಲಿ ಮಣ್ಣು ತುಂಬಿದ ಟ್ರೇ ಇಡಿ. ಅಲ್ಲಿ ಮಾಡಿದ ತಕ್ಷಣ ಬೇಯಿಸಿದ ಕೋಳಿಯ ಒಂದು ಚೂರು ಕೊಡಿ. ಮತ್ತೆ ಹಾಲು ನಿಲ್ಲಿಸಿ.

ಮುಧೋಳದವ: "ಹಾಲು ನಿಲ್ಲಿಸಿ" ಅಂತೀರಲ್ಲ, ಮುಧೋಳ ನಾಯಿಯನ್ನು ಹತ್ತಿರದಿಂದ ನೋಡಿದ್ದೀರಾ? ನಮ್ಮಜ್ಜ ಜೋಳದ ರೊಟ್ಟಿಯನ್ನು ಹಾಲಲ್ಲಿ ನೆನೆಸಿ ಹಾಕಿಯೇ ಬೆಳೆಸಿದ್ದು. ಈ ತಳಿಗೆ 2005ರಲ್ಲಿ ಅಂಚೆ ಚೀಟಿ ಬಂತು. 2016ರಲ್ಲಿ ಮುಧೋಳದ ಹತ್ತಿರ ತಿಮ್ಮಾಪುರದಲ್ಲಿರುವ ನಾಯಿ ಸಂಶೋಧನಾ ಕೇಂದ್ರದಿಂದ ಮರಿಗಳನ್ನು ಸೈನ್ಯದವರು ಮೀರತ್‌ಗೆ ಕರೆದುಕೊಂಡು ಹೋದರು. ಅದು ಪಾಕೆಟ್ ತಿಂಡಿ ತಿಂದು ಬೆಳೆದ ವಂಶ ಅಲ್ಲ.

ನಾಯಿಪ್ರೀತಿ: ಅಂಚೆ ಚೀಟಿಗೂ ಹೊಟ್ಟೆಗೂ ಏನು ಸಂಬಂಧ? ತಾಯಿ ಹಾಲು ಬಿಟ್ಟ ಮೇಲೆ ಮರಿಗೆ ಹಾಲಿನ ಸಕ್ಕರೆ ಅರಗಿಸುವ ಶಕ್ತಿ ಕಡಿಮೆ ಆಗುತ್ತಾ ಹೋಗುತ್ತದೆ. ಆಮೇಲೆ ಭೇದಿ. ಭೇದಿ ಆದ ಮರಿಗೆ ಯಾವ ಟ್ರೇ ಕಲಿಸ್ತೀರಿ? ಪಾಕೆಟ್ ತಿಂಡಿ ಅಂತ ನಾನು ಎಲ್ಲಿ ಹೇಳಿದೆ, ತೋರಿಸಿ.

ಮುಧೋಳದವ: ನಮ್ಮಜ್ಜನ ನಾಯಿಗಳಿಗೆ ಭೇದಿ ಆಗಿದ್ದನ್ನು ನಾನು ಒಂದು ದಿನವೂ ನೋಡಿಲ್ಲ.

ತೋಟದಮನೆ: ನಮ್ಮಲ್ಲೂ ಅನ್ನ ಹಾಲೇ. ಹನ್ನೊಂದರಲ್ಲಿ ಒಂದಕ್ಕೂ ಏನೂ ಆಗಿಲ್ಲ.

ಊರ ಪಶುವೈದ್ಯ: "ಏನೂ ಆಗಿಲ್ಲ" ಅನ್ನುವವರ ಮನೆಯಿಂದಲೇ ಕಾಲು ಸೊಟ್ಟಗಾದ ಮರಿಗಳು ನನ್ನ ಹತ್ತಿರ ಬರುತ್ತವೆ. ಬರೀ ಅನ್ನ ಹಾಕಿ ಸಾಕಿದರೆ ಸುಣ್ಣದ ಅಂಶ ಸಾಲದೆ ಮೂಳೆ ಮೆತ್ತಗಾಗುತ್ತದೆ. ಉದ್ದ ಕಾಲಿನ ತಳಿ ಇದು, ನೋಡಲು ಸಂಕಟವಾಗುತ್ತದೆ. ನಾಯಿಗೆ ಅನ್ನ ಅರಗುತ್ತದೆ, ಅದು ನಿಜ. ಪಿಷ್ಟ ಒಡೆಯುವ ಜೀನ್ ತೋಳಕ್ಕಿಂತ ನಾಯಿಯಲ್ಲಿ ಜಾಸ್ತಿ ಪ್ರತಿ ಇದೆ ಎಂದು 2013ರಲ್ಲೇ ತೋರಿಸಿದ್ದಾರೆ. ಆದರೆ ಅರಗುವುದು ಬೇರೆ, ಸಾಲುವುದು ಬೇರೆ. ಇನ್ನೊಂದು ಮಾತು. ಲಸಿಕೆಗಳು ಮುಗಿಯುವ ತನಕ ಬೀದಿ ಮಣ್ಣಿಗೆ ಇಳಿಸಬೇಡಿ, ಪಾರ್ವೋ ಅನ್ನುವ ವಾಂತಿ ಭೇದಿಯ ಸೋಂಕು ರೋಗ ಬಂದರೆ ಮರಿ ಉಳಿಯುವುದು ಕಷ್ಟ.

ತೋಟದಮನೆ: ಅನ್ನ ಅರಗುತ್ತದೆ ಅಂತ ಡಾಕ್ಟರೇ ಒಪ್ಪಿದರು. ನಾನು ಹೇಳಿದ್ದೂ ಅದೇ.

ಮುಧೋಳದವ: "ಬೀದಿಗೆ ಇಳಿಸಬೇಡಿ" ಅಂದರೆ ಓಡುವ ನಾಯಿಯನ್ನು ಗೂಡಲ್ಲಿಟ್ಟು ಕೊಲ್ಲುವುದೇ? ನಾಲ್ಕು ಗೋಡೆ ಮಾತ್ರ ಕಂಡ ಮುಧೋಳ ದೊಡ್ಡದಾದ ಮೇಲೆ ನೆರಳಿಗೂ ಬೆದರುತ್ತದೆ. ಆಗ ನೀವು ಬಂದು ಸರಿ ಮಾಡ್ತೀರಾ?

ಊರ ಪಶುವೈದ್ಯ: ಇಳಿಸಬೇಡಿ ಅಂದೆ, ತೋರಿಸಬೇಡಿ ಅನ್ನಲಿಲ್ಲ. ತೋಳಲ್ಲಿ ಎತ್ತಿಕೊಂಡು ಹೋಗಿ ಬಸ್ಸು, ಆಟೋ, ಮಕ್ಕಳು, ಹಸು ಎಲ್ಲ ತೋರಿಸಬೇಕು. ಅದಕ್ಕೆ ಈ ವಾರಗಳೇ ಸರಿಯಾದ ಕಾಲ. ಓದಿ ಉತ್ತರ ಕೊಡಿ ಸ್ವಾಮಿ.

ಮುಧೋಳದವ: ಓದು ಬರಹ ನಮಗೂ ಬರುತ್ತದೆ.

ಎರಡನೇ ಮಹಡಿ: ದಯವಿಟ್ಟು ಜಗಳ ಬೇಡ. ನಾನು ಕೇಳಿದ್ದು ಉಚ್ಚೆ ವಿಷಯ. ಫಿನಾಯಿಲ್ ಹಾಕಿ ಒರೆಸಿದರೂ ಮತ್ತೆ ಅಲ್ಲೇ ಹೋಗಿ ಮಾಡುತ್ತದೆ.

ನಾಯಿಪ್ರೀತಿ: ಫಿನಾಯಿಲ್ ಬೇಡವೇ ಬೇಡ. ಮರಿ ಅದನ್ನು ತುಳಿದು ಪಾದ ನೆಕ್ಕುತ್ತದೆ, ಅದು ವಿಷ. ವಿನೆಗರ್‌ಗೆ ನೀರು ಬೆರೆಸಿ ಒರೆಸಿ. ಹಳೇ ವಾಸನೆ ಉಳಿದರೆ ಅದೇ ಜಾಗಕ್ಕೆ ಹೋಗುತ್ತದೆ.

ತೋಟದಮನೆ: ನಮ್ಮ ಮನೆಯಲ್ಲಿ ಮೂವತ್ತು ವರ್ಷದಿಂದ ಫಿನಾಯಿಲ್ಲೇ.

ಎರಡನೇ ಮಹಡಿ: ನಿನ್ನೆ ರಾತ್ರಿ ಎರಡು ಗಂಟೆಗೆ ಎದ್ದು ಟ್ರೇ ಹತ್ತಿರ ಬಿಟ್ಟೆ. ಅಲ್ಲೇ ಮಾಡಿತು! ಆದರೆ ಕೋಳಿ ನಮ್ಮ ಮನೆಗೆ ತರುವಂತಿಲ್ಲ. ಬದಲಿಗೆ ಏನು ಕೊಡಲಿ?

ನಾಯಿಪ್ರೀತಿ: ಪನೀರ್. ಕಡಲೆಕಾಳಿನಷ್ಟು ಚೂರು ಸಾಕು.

ಮುಧೋಳದವ: ಪನೀರ್ ಯಾವುದರಿಂದ ಮಾಡುತ್ತಾರೆ?

ನಾಯಿಪ್ರೀತಿ: ಹಾಲು ಒಡೆದಾಗ ಸಕ್ಕರೆಯ ಅಂಶ ಬಹುಪಾಲು ನೀರಿನ ಜೊತೆ ಸೋರಿಹೋಗುತ್ತದೆ. ಕಡಲೆಕಾಳಿನಷ್ಟು ಅಂದಿದ್ದೇನೆ, ಬಟ್ಟಲು ತುಂಬಾ ಅಲ್ಲ.

ಮುಧೋಳದವ: ಅಂದರೆ ಹಾಲಿನದ್ದು ಕೊಡಬಹುದು ಅಂತ ಆಯಿತು. ನಾನು ಮೊದಲಿಂದ ಹೇಳುತ್ತಿರುವುದೂ ಅದೇ.